ಮೂರು ತಿಂಗಳ ಪ್ರತಿಜ್ಞೆ

ಕ್ರಿಸ್ಮಸ್ ಹಬ್ಬದ ಸಡಗರ ಮುಗಿಯುವ ಮೊದಲೇ ಹೊಸ ವರ್ಷ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಕುಂದಾಪುರ, ಗಂಗೊಳ್ಳಿ, ಬೈಂದೂರು, ಬ್ರಹ್ಮಾವರಗಳ ನಮ್ಮ ಮನೆಗಳಿಗೆ ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಂದ ಮಕ್ಕಳು ಮರಳುವ ಕಾಲವಿದು. ಕುಸ್ವಾರ್ ತಟ್ಟೆಯ ಪಕ್ಕದಲ್ಲಿ ಗ್ಲಾಸುಗಳೂ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನ ಬಗೆಬಗೆಯ ಕ್ರಾಫ್ಟ್ ಬಿಯರುಗಳ ರುಚಿಯನ್ನು ಯುವಕರು ವರ್ಣಿಸುತ್ತಾರೆ. ಅದೇ ರಾತ್ರಿ, ಅದೇ ಮೇಜಿನ ಬಳಿ, ನಾಳೆಯಿಂದ ಜನ್ಮವಿಡೀ ಕುಡಿಯುವುದಿಲ್ಲವೆಂದು ಆಣೆ ಇಡುವವರೂ ಇರುತ್ತಾರೆ. ಮೂರು ರಾಯರ ಹಬ್ಬ ಬರುವಷ್ಟರಲ್ಲಿ ಆ ಆಣೆ ಮುರಿದಿರುತ್ತದೆ. ಇತರರ ವಿಷಯವೇಕೆ? ಜನವರಿಯಲ್ಲಿ ಸಂಕಲ್ಪ ಮಾಡಿ ಫೆಬ್ರವರಿಯಲ್ಲಿ ಮರೆತವರ ಸಾಲಿನಲ್ಲಿ ನಾವೂ ಇದ್ದೇವೆ. ಆದುದರಿಂದಲೇ ಈ ವಾರ ಮ್ಯಾಟ್ ಟಾಲ್ಬೊಟ್ ಎಂಬ ಕೂಲಿಕಾರರ ಬದುಕನ್ನು ನೆನೆಯಬಯಸುತ್ತೇವೆ.

1856ರ ಮೇ 2ರಂದು ಐರ್ಲೆಂಡಿನ ಡಬ್ಲಿನ್ ನಗರದ ಬಡ ಕುಟುಂಬವೊಂದರಲ್ಲಿ, ಹನ್ನೆರಡು ಮಕ್ಕಳಲ್ಲಿ ಎರಡನೆಯವರಾಗಿ ಅವರು ಜನಿಸಿದರು. ಶಾಲೆಯ ಮುಖ ಕಂಡದ್ದು ಅಲ್ಪಕಾಲ ಮಾತ್ರ. ಹನ್ನೆರಡನೆಯ ವಯಸ್ಸಿನಲ್ಲಿ ಮದ್ಯದ ವರ್ತಕರೊಬ್ಬರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಗಿನ್ನೆಸ್ ಬಿಯರನ್ನು ಬಾಟಲಿಗಳಿಗೆ ತುಂಬಲಾಗುತ್ತಿತ್ತು. ಬಾಟಲಿಗಳ ತಳದಲ್ಲಿ ಉಳಿದುದನ್ನು ಹುಡುಗ ರುಚಿ ನೋಡಿದ. ಆ ರುಚಿ ಹದಿನಾರು ವರ್ಷ ಅವನನ್ನು ಆಳಿತು. ಮುಂದೆ ಬಂದರಿನ ಉಗ್ರಾಣದ ಕೆಲಸದಲ್ಲಿ ವಿಸ್ಕಿಯ ಪರಿಚಯವಾಯಿತು. ದುಡಿದ ಕೂಲಿಯೆಲ್ಲ ಮದ್ಯದಂಗಡಿಯ ಪಾಲಾಯಿತು. ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಬಡವನ ಪಿಟೀಲನ್ನು ಕದ್ದು ಮಾರಿ, ಆ ಹಣವನ್ನೂ ಕುಡಿದರು.

1884ರ ಒಂದು ಶನಿವಾರ, ಕೆಲಸವಿಲ್ಲದೆ ಬರಿಗೈಯಲ್ಲಿದ್ದ ಅವರು ಮದ್ಯದಂಗಡಿಯ ಹೊರಗೆ ನಿಂತು, ಯಾವನಾದರೂ ಗೆಳೆಯ ಒಳಗೆ ಕರೆದಾನೆಂದು ಕಾದರು. ಹಿಂದೆ ಅವರ ಹಣದಲ್ಲಿ ಕುಡಿದವರೆಲ್ಲ ಮುಖ ತಿರುಗಿಸಿ ಮುಂದೆ ಸಾಗಿದರು. ಆ ಅವಮಾನ ದೇವರ ಕರೆಯಾಯಿತು. ಮನೆಗೆ ಮರಳಿ ಮದ್ಯ ತ್ಯಜಿಸುವ ಇಚ್ಛೆಯನ್ನು ತಾಯಿಗೆ ತಿಳಿಸಿದರು. ಪಾಲಿಸುವ ಮನಸ್ಸಿಲ್ಲದೆ ದೇವರ ಮುಂದೆ ಮಾತು ಕೊಡಬಾರದೆಂದು ತಾಯಿ ಎಚ್ಚರಿಸಿದರು. ಇಪ್ಪತ್ತೆಂಟರ ಆ ಯುವಕ ಗುರುಮಠಕ್ಕೆ ಹೋಗಿ, ಪಾಪನಿವೇದನೆ ಮಾಡಿ, ಪ್ರತಿಜ್ಞೆ ಸ್ವೀಕರಿಸಿದರು. ಓದುಗರು ಇಲ್ಲಿ ಗಮನಿಸಬೇಕು: ಪ್ರತಿಜ್ಞೆ ಜನ್ಮವಿಡೀ ಅಲ್ಲ, ಕೇವಲ ಮೂರು ತಿಂಗಳಿಗೆ.

ಆ ಮೂರು ತಿಂಗಳು ನರಕಯಾತನೆಯಾಗಿತ್ತು. ಅವಧಿ ತೀರಿದೊಡನೆ ಮತ್ತೆ ಕುಡಿಯುವೆನೆಂದು ತಾಯಿಯೊಡನೆ ಅಂದದ್ದೂ ಉಂಟು. ಆದರೆ ಪ್ರತಿಜ್ಞೆಯನ್ನು ನವೀಕರಿಸಿದರು, ಕೊನೆಗೆ ಜೀವಮಾನಕ್ಕೆ ವಿಸ್ತರಿಸಿದರು. ಕೇವಲ ಮನೋಬಲವನ್ನು ಅವರು ನಂಬಲಿಲ್ಲ. ಜೇಬಿನಲ್ಲಿ ಹಣವಿಟ್ಟುಕೊಂಡು ಹೊರಡುವುದನ್ನೇ ಬಿಟ್ಟರು. ಮುಂಜಾನೆ ಬಲಿಪೂಜೆ, ಸಂಜೆ ಮದ್ಯದಂಗಡಿಯ ಹೊತ್ತಿನಲ್ಲಿ ಇಗರ್ಜಿಯ ಮೌನ. ಹಳೆಯ ಸಾಲಗಳನ್ನು ತೀರಿಸಿದರು. ಆ ಪಿಟೀಲುಗಾರನನ್ನು ಊರೆಲ್ಲ ಹುಡುಕಿ, ಸಿಗದಿದ್ದಾಗ ಅವನಿಗಾಗಿ ಪೂಜೆ ಮಾಡಿಸಿದರು. ಅಕ್ಷರ ಕಷ್ಟಪಟ್ಟು ಓದಬಲ್ಲವರು ಸಂತ ಅಗಸ್ಟೀನರನ್ನು ಓದಿದರು. ಮರದ ಗೋದಾಮಿನಲ್ಲಿ ಕೂಲಿ ಮಾಡುತ್ತ ಬಡವರಿಗೂ ಧರ್ಮಪ್ರಚಾರಕ್ಕೂ ಗಳಿಕೆಯನ್ನು ಹಂಚಿದರು. 1925ರ ಜೂನ್ 7ರಂದು, ತ್ರೈಏಕ ದೇವರ ಹಬ್ಬದ ಭಾನುವಾರ, ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಪ್ರಾಣಬಿಟ್ಟರು. 1975ರಲ್ಲಿ ಪೋಪ್ ಆರನೆಯ ಪೌಲರು ಅವರನ್ನು ಪೂಜ್ಯರೆಂದು ಘೋಷಿಸಿದರು.

ಮದ್ಯಪಾನ ತನ್ನಷ್ಟಕ್ಕೇ ಪಾಪವಲ್ಲವೆಂದೂ, ಅದರಿಂದ ಸುಲಭವಾಗಿ ಕೆಡುವವನಿಗೆ ಮತ್ತು ವರ್ಜಿಸುವ ಹರಕೆ ಹೊತ್ತವನಿಗೆ ಅದು ಸಲ್ಲದೆಂದೂ ಸಂತ ತೋಮಸ್ ಅಕ್ವೀನಾಸರು ವಿವೇಚಿಸಿದ್ದಾರೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಒದಗಿಸಿದ ಪ್ರಭುವಿನ ಶಿಷ್ಯರಾದ ನಾವು ಒಂದು ಗ್ಲಾಸು ಬಿಯರಿನ ರುಚಿ ನೋಡಿದವನನ್ನು ದೂಷಿಸುವುದಿಲ್ಲ. ರುಚಿಗೆ ನಾವು ಒಡೆಯರೋ, ರುಚಿ ನಮಗೆ ಒಡೆಯನೋ ಎಂಬುದೇ ಪ್ರಶ್ನೆ. ಉತ್ತರ ಹೆಂಡತಿಗೆ, ತಾಯಿಗೆ, ಸದ್ದು ಕೇಳಿ ನಿದ್ದೆಯ ನಟನೆ ಮಾಡುವ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ.

ಸದ್ಗುಣವು ಅಭ್ಯಾಸದಿಂದ ಬೆಳೆಯುತ್ತದೆಂದು ಅರಿಸ್ಟಾಟಲ್ ಬೋಧಿಸಿದರು. ಈ ಕೂಲಿಕಾರರು ಅದನ್ನು ಬಾಳಿ ತೋರಿಸಿದರು. ಆದುದರಿಂದ ಈ ವರ್ಷ ಜನ್ಮವಿಡೀ ಎಂಬ ದೊಡ್ಡ ಮಾತು ಬೇಡ. ಜನವರಿ 1ರಿಂದ ಮಾರ್ಚ್ 31ರವರೆಗೆ ಸಾಕು. ಸಂಜೆಯ ಆ ಹೊತ್ತಿಗೆ ಎಲ್ಲಿರಬೇಕು, ಸಂಬಳ ಯಾರ ಕೈಯಲ್ಲಿರಬೇಕು ಎಂಬುದನ್ನು ಇಂದೇ ನಿಶ್ಚಯಿಸೋಣ. ಕುಡಿತ ಬಹುಕಾಲದಿಂದ ಬೇರೂರಿದ್ದರೆ ಹಠಾತ್ತನೆ ಬಿಡುವುದು ದೇಹಕ್ಕೆ ಅಪಾಯಕರವಾದೀತು. ಮೊದಲು ವೈದ್ಯರನ್ನು ಕಾಣುವುದು ಅಗತ್ಯ. ಮನೆಯವರು ಹಳೆಯ ಸೋಲುಗಳನ್ನು ಎತ್ತಿ ಆಡದಿರಲಿ. ಏಪ್ರಿಲ್ ಬಂದಾಗ ಮತ್ತೆ ಮೂರು ತಿಂಗಳನ್ನು ದೇವರಲ್ಲಿ ಬೇಡಿಕೊಳ್ಳೋಣ.