ಸಾಣೆ ಹಿಡಿದ ಬುದ್ಧಿ: ಜಯದೇವಿತಾಯಿ ಲಿಗಾಡೆಯವರ ಜೀವನದಿಂದ ಒಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ, ಬುದ್ಧಿಯನ್ನು ಚುರುಕುಗೊಳಿಸುವ ದಿನನಿತ್ಯದ ಅಭ್ಯಾಸಗಳನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡರು. ಅವರ ವಿಶ್ವಾಸಕ್ಕೆ ನಾನು ಋಣಿ. ಆದರೆ ಉಪದೇಶದ ಮಾತುಗಳನ್ನು 1975 ರಿಂದ 2008 ರವರೆಗೆ, ಮೂವತ್ತಮೂರು ವರ್ಷಗಳ ಕಾಲ, ಪ್ರಾರ್ಥನೆಯ ವೇಳೆಯಲ್ಲಿ ಹೇಳಿ ಮುಗಿಸಿದ್ದೇನೆ. ಅವುಗಳಲ್ಲಿ ಎಷ್ಟು ಉಳಿದವು ಎಂಬುದನ್ನು ಹಳೆಯ ವಿದ್ಯಾರ್ಥಿಗಳೇ ಹೇಳಬೇಕು. ಈಗ ನನಗೆ ಎಪ್ಪತ್ತೈದು ತುಂಬಿದೆ. ಈ ವಯಸ್ಸಿನಲ್ಲಿ ಮತ್ತೆ ಉಪದೇಶ ಮಾಡುವುದಕ್ಕಿಂತ, ನಮ್ಮ ನೆಲದಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಮಹನೀಯರ ಜೀವನವನ್ನು ನಿಮ್ಮ ಮುಂದಿಡುವುದು ಲೇಸೆಂದು ಭಾವಿಸಿದ್ದೇನೆ. ಅದರೊಂದಿಗೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ಆ ಮಹನೀಯರು ಶ್ರೀಮತಿ ಜಯದೇವಿತಾಯಿ ಲಿಗಾಡೆಯವರು. ಹಿರಿಯರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಕಿರಿಯರಿಗಾಗಿ ಹೇಳುತ್ತೇನೆ.

ತಾಯಿಯವರು 1912 ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದರು. ತಂದೆ ಚೆನ್ನಬಸಪ್ಪ ಮಡಕಿಯವರು, ತಾಯಿ ಸಂಗವ್ವನವರು. ಅಂದಿನ ಸೊಲ್ಲಾಪುರವು ಹತ್ತಿಯ ಗಿರಣಿಗಳ ಊರು. ಓಣಿಯಿಂದ ಓಣಿಗೆ ಹೋದರೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಗಳು ಕಿವಿಗೆ ಬೀಳುತ್ತಿದ್ದವು, ಇಂದಿಗೂ ಬೀಳುತ್ತವೆ. ಆದರೆ ಶಾಲೆಯ ಭಾಷೆ ಮರಾಠಿ. ಮನೆಯಲ್ಲಿ ಅವ್ವನ ಬಾಯಿಂದ ಕೇಳಿದ ನುಡಿ ಒಂದು, ಪಾಟಿಯ ಮೇಲೆ ತಿದ್ದಿದ ಅಕ್ಷರ ಇನ್ನೊಂದು. ತಾಯಿಯವರೂ ಹಾಗೆಯೇ ಮರಾಠಿಯಲ್ಲಿ ಓದಿದರು. ಅಂದಿನ ರೂಢಿಯಂತೆ ಎಳೆಯ ವಯಸ್ಸಿನಲ್ಲಿಯೇ ವಿವಾಹವಾಗಿ, ಚೆನ್ನಮಲ್ಲಪ್ಪ ಲಿಗಾಡೆಯವರ ಮನೆತನವನ್ನು ಸೇರಿದರು. ಅಲ್ಲಿಗೆ ಶಾಲೆಯ ಬಾಗಿಲು ಮುಚ್ಚಿತು.

ಹೆಚ್ಚಿನ ಹೆಣ್ಣುಮಕ್ಕಳ ವಿದ್ಯೆ ಅಲ್ಲಿಗೇ ಮುಗಿಯುತ್ತಿದ್ದ ಕಾಲವದು. ಆದರೆ ತಾಯಿಯವರ ನಿಜವಾದ ವಿದ್ಯಾಭ್ಯಾಸ ಆರಂಭವಾದದ್ದೇ ಅಲ್ಲಿಂದ. ಸಂಸಾರದ ನಡುವೆ ಅವರು ಕನ್ನಡ ಅಕ್ಷರಗಳನ್ನು ಕಲಿತರು. ಬಳಿಕ ವಚನಗಳನ್ನು ಓದಿದರು, ಕನ್ನಡದಲ್ಲಿ ಪದ್ಯ ಕಟ್ಟಿದರು. ಕೊನೆಗೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯನ್ನು ನಾಲ್ಕು ಸಾವಿರಕ್ಕೂ ಮೀರಿದ ತ್ರಿಪದಿಗಳಲ್ಲಿ ಪುರಾಣವಾಗಿ ರಚಿಸಿದರು. ವಚನ ಸಾಹಿತ್ಯವನ್ನು ಮರಾಠಿ ಓದುಗರಿಗೂ ಮುಟ್ಟಿಸಿದರು. 1974 ರಲ್ಲಿ ಮಂಡ್ಯದಲ್ಲಿ ನಡೆದ 48 ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1915 ರಲ್ಲಿ ಮೊದಲ ಸಮ್ಮೇಳನ ನಡೆದಂದಿನಿಂದ ಆ ಪೀಠವನ್ನು ಏರಿದ ಪ್ರಥಮ ಮಹಿಳೆ ಅವರೇ. ಶಾಲೆಯಲ್ಲಿ ಕನ್ನಡದ ಒಂದಕ್ಷರವನ್ನೂ ತಿದ್ದದಿದ್ದವರು ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ ಕನ್ನಡ ನಾಡಿನ ವಿದ್ವಾಂಸರ ಸಭೆಗೆ ಅಧ್ಯಕ್ಷತೆ ವಹಿಸಿದರು. 1986 ರಲ್ಲಿ ಅವರು ಲಿಂಗೈಕ್ಯರಾದರು.

ನಾನಾಗ ಇಪ್ಪತ್ತನಾಲ್ಕರ ತರುಣ. ಮಂಡ್ಯದ ಸಮ್ಮೇಳನದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ನಮ್ಮ ಸೊಲ್ಲಾಪುರದವರೆಂದು ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೇಳಿದ್ದೆ. ಮರುವರ್ಷವೇ ನಮ್ಮ ಶಾಲೆ ಆರಂಭವಾಯಿತು. ನಾನು ಸಹಾಯಕ ಶಿಕ್ಷಕನಾಗಿ ಸೇರಿದೆ. ಆದರೆ ಹೆಮ್ಮೆಪಡುವುದು ಬೇರೆ, ಪಾಠ ಕಲಿಯುವುದು ಬೇರೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನು ಸೇರಿದ ಐದಾರು ವರ್ಷಗಳ ಮೇಲೆ ಒಬ್ಬ ಹುಡುಗ ಮರಾಠಿ ಶಾಲೆಯಿಂದ ನಮ್ಮಲ್ಲಿಗೆ ಏಳನೆಯ ಇಯತ್ತೆಗೆ ಬಂದನು. ಮನೆಯ ಮಾತು ಅಚ್ಚ ಕನ್ನಡ. ಅಕ್ಕಲಕೋಟ ತಾಲೂಕಿನ ಒಕ್ಕಲುತನದ ಮನೆ. ಆದರೆ ಕನ್ನಡ ಒತ್ತಕ್ಷರಗಳು ಅವನ ಕಣ್ಣಿಗೆ ಹತ್ತಲೊಲ್ಲವು. ಒಂದು ದಿನ ಓದಲು ನಿಲ್ಲಿಸಿದಾಗ ಅವನು ಒಂದು ಸಾಲಿನಲ್ಲಿ ನಾಲ್ಕು ಕಡೆ ತಡವರಿಸಿದನು. ತರಗತಿ ನಕ್ಕಿತು. ಆ ನಗುವನ್ನು ತಡೆಯಬೇಕಾದ ನಾನು, ಇವನ ತಲೆಗೆ ಇದು ಹತ್ತುವುದಿಲ್ಲವೆಂದು ಎಲ್ಲರೆದುರು ಅಂದುಬಿಟ್ಟೆ. ದೀಪಾವಳಿಯ ರಜೆ ಮುಗಿದ ಮೇಲೆ ಅವನು ಮರಳಿ ಬರಲಿಲ್ಲ. ಸೊಲ್ಲಾಪುರದಲ್ಲಿ ಚಾದರದ ಮಗ್ಗದ ಕೆಲಸಕ್ಕೆ ಹೋದನೆಂದು ಕೇಳಿದೆ.

ಕೆಲವು ವರ್ಷಗಳ ಬಳಿಕ ಶಾಲೆಯ ಕಾರ್ಯಕ್ರಮವೊಂದರಲ್ಲಿ ಭಾಷಣ ಮಾಡಬೇಕಾಗಿ ಬಂದು, ತಾಯಿಯವರ ಜೀವನವನ್ನು ಲಕ್ಷ್ಯಗೊಟ್ಟು ಓದಲು ಕುಳಿತೆ. ಮರಾಠಿ ಶಾಲೆ, ಮನೆಮಾತು ಕನ್ನಡ, ಬಳಿಕ ಅಕ್ಷರ ಕಲಿಕೆ. ಓದುತ್ತ ಓದುತ್ತ ಆ ಹುಡುಗನ ಮುಖ ಕಣ್ಣ ಮುಂದೆ ಬಂದಿತು. ಇಬ್ಬರೂ ಹೊರಟ ದಾರಿ ಒಂದೇ ಆಗಿತ್ತು. ತಾಯಿಯವರಿಗೆ ಕಲಿಯಲು ವರ್ಷಗಳಿದ್ದವು. ಆ ಹುಡುಗನಿಗೆ ನಾನು ನಾಲ್ಕು ತಿಂಗಳನ್ನೂ ಕೊಡಲಿಲ್ಲ. ಬುದ್ಧಿಯು ಹುಟ್ಟಿನಿಂದ ಅಳೆದುಕೊಟ್ಟ ವಸ್ತುವೆಂದು ತಿಳಿದದ್ದೇ ನನ್ನ ತಪ್ಪು. ಅದು ಕುಡುಗೋಲಿನಂತೆ. ದಿನವೂ ಸಾಣೆ ಹಿಡಿದರೆ ಹರಿತವಾಗುತ್ತದೆ, ಮೂಲೆಗೆ ಎಸೆದರೆ ತುಕ್ಕು ಹಿಡಿಯುತ್ತದೆ. ಹಾಗಾದರೆ ತಾಯಿಯವರ ಬದುಕಿನಲ್ಲಿ ಕಾಣುವ ಸಾಣೆಗಳು ಯಾವುವು? ನನಗೆ ತೋರಿದ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು, ಕಿವಿಯ ವಿದ್ಯೆ. ತಾಯಿಯವರು ತಮ್ಮ ಮಹಾಕೃತಿಗೆ ಆರಿಸಿಕೊಂಡದ್ದು ತ್ರಿಪದಿಯನ್ನು. ಅದು ಸಿದ್ಧರಾಮೇಶ್ವರರೇ ಬಳಸಿದ ಛಂದಸ್ಸು. ಅಷ್ಟೇ ಅಲ್ಲ, ನಮ್ಮ ಅವ್ವಂದಿರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಛಂದಸ್ಸೂ ಹೌದು. ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನಸುಕಿನಲ್ಲಿ ಜೋಳ ಬೀಸಲು ಕುಳಿತರೆ, ಬೆಳಕು ಹರಿಯುವವರೆಗೆ ಹಾಡಿದ್ದನ್ನು ಮತ್ತೆ ಹಾಡುತ್ತಿರಲಿಲ್ಲ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹಾಡುವ ರೂಢಿಯಿದೆ. ಹಾಗೆ ಮರಳಿ ಹಾಡುವಷ್ಟರಲ್ಲಿ ಮುಂದಿನ ಸಾಲು ನಾಲಗೆಗೆ ಬಂದು ನಿಲ್ಲುತ್ತದೆ. ಪುಸ್ತಕವಿಲ್ಲದೆ ನೆನೆದು ಹೇಳುವ ಈ ಕ್ರಿಯೆಯೇ ನೆನಪಿಗೆ ದೊಡ್ಡ ವ್ಯಾಯಾಮ. ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ಹೆಚ್ಚಿನ ಭಾಗವು ಮೊದಲಿನ ಕೆಲವು ಗಂಟೆಗಳಲ್ಲಿ ಹಾಗೂ ದಿನಗಳಲ್ಲಿಯೇ ಮರೆತುಹೋಗುವುದೆಂದು 1885 ರಲ್ಲಿ ಪ್ರಕಟಿಸಿದರು. ಅಂತರ ಬಿಟ್ಟು ಮತ್ತೆ ಮತ್ತೆ ಅಭ್ಯಾಸ ಮಾಡಿದರೆ ಮರೆವು ನಿಧಾನವಾಗುವುದೆಂದೂ ಕಂಡುಕೊಂಡರು. ಪಾಠವನ್ನು ಹತ್ತು ಸಲ ಓದುವುದಕ್ಕಿಂತ, ಒಂದೆರಡು ಸಲ ಓದಿ ಪುಸ್ತಕ ಮುಚ್ಚಿ ನೆನೆಯಲು ಯತ್ನಿಸುವುದು ಹೆಚ್ಚು ಫಲಕಾರಿ ಎಂದು ಈಚಿನ ಪ್ರಯೋಗಗಳೂ ತೋರಿಸಿವೆ. ಹಿಟ್ಟಿನ ಗಿರಣಿ ಬಂದು ಅವ್ವಂದಿರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಕಲ್ಲಿನೊಂದಿಗೆ ಪದಗಳೂ ಮೂಲೆ ಸೇರಿದವು.

ಎರಡನೆಯದು, ದಿನದ ಅಳತೆ. ನಾಲ್ಕು ಸಾವಿರ ತ್ರಿಪದಿಗಳೆಂದರೆ ನಾವು ಬೆರಗಾಗುತ್ತೇವೆ. ಗಣಿತದ ಮಾಸ್ತರನಾಗಿ ನಾನು ಇದನ್ನು ತರಗತಿಯಲ್ಲಿ ಲೆಕ್ಕವಾಗಿ ಕೊಡುತ್ತಿದ್ದೆ. ದಿನಕ್ಕೆ ನಾಲ್ಕರಂತೆ ಬರೆದರೆ ಎಷ್ಟು ದಿನ? ಸಾವಿರ ದಿನ, ಅಂದರೆ ಮೂರು ವರ್ಷಕ್ಕೆ ತುಸು ಕಡಿಮೆ. ನಾಲ್ಕು ತ್ರಿಪದಿಗಳೆಂದರೆ ಹನ್ನೆರಡು ಸಾಲು. ಹನ್ನೆರಡು ಸಾಲು ಬರೆಯುವುದು ಯಾರಿಗೂ ಅಸಾಧ್ಯವಲ್ಲ. ಸಾವಿರ ದಿನ ಬಿಡದೆ ಬರೆಯುವುದು ಮಾತ್ರ ಕಠಿಣ. ದೊಡ್ಡ ಕೆಲಸವೆಂಬುದು ಸಣ್ಣ ಕೆಲಸದ ಮೊತ್ತವೇ ಹೊರತು ಬೇರೆಯಲ್ಲ. ಹನಿ ಹನಿ ಕೂಡಿದರೆ ಹಳ್ಳವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂರನೆಯದು, ಎರಡು ಭಾಷೆಗಳ ತಿಕ್ಕಾಟ. ಗಡಿಯ ಮಕ್ಕಳು ಎರಡು ಭಾಷೆಗಳ ನಡುವೆ ಸಿಕ್ಕು ಎರಡನ್ನೂ ಕೆಡಿಸಿಕೊಳ್ಳುತ್ತಾರೆಂದು ಹೇಳುವವರಿದ್ದಾರೆ. ಒಂದು ಕಾಲಕ್ಕೆ ನಾನೂ ಹಾಗೆಯೇ ಹೇಳುತ್ತಿದ್ದೆ. ಸೊಲ್ಲಾಪುರವು ಕರ್ನಾಟಕದಲ್ಲಿ ಸೇರಬೇಕೆಂದು ದುಡಿದವರಲ್ಲಿ ತಾಯಿಯವರೂ ಒಬ್ಬರು. 1956 ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವರ ಆಸೆ ಈಡೇರಲಿಲ್ಲ. ಆದರೂ ಅವರು ಮರಾಠಿಯನ್ನು ದ್ವೇಷಿಸಲಿಲ್ಲ. ಅದೇ ಭಾಷೆಯಲ್ಲಿ ಶರಣರ ವಿಚಾರಗಳನ್ನು ಬರೆದರು. ಅನುವಾದ ಮಾಡಿದವರಿಗೆ ಗೊತ್ತು, ಅಲ್ಲಿ ಪ್ರತಿಯೊಂದು ಪದವನ್ನೂ ತೂಗಿ ನೋಡಬೇಕಾಗುತ್ತದೆ. ಕಷ್ಟ ಎಂಬ ಪದವನ್ನೇ ನೋಡಿರಿ. ನಮಗೆ ಅದು ತೊಂದರೆ. ಮರಾಠಿಯಲ್ಲಿ ಅದು ಬೆವರು ಸುರಿಸಿ ಮಾಡುವ ದುಡಿಮೆಯೂ ಹೌದು. ಇನ್ನು ಶರಣರ ಕಾಯಕಕ್ಕೆ ಯಾವ ಪದವನ್ನಿಡುವುದು? ಕೇವಲ ಕೆಲಸವೆಂದರೆ ಅದರೊಳಗಿನ ಭಕ್ತಿ ಹೋಯಿತು, ಕೇವಲ ಪೂಜೆಯೆಂದರೆ ಬೆವರು ಹೋಯಿತು. ಹೀಗೆ ಯೋಚಿಸುತ್ತ ಕುಳಿತಾಗ ಬುದ್ಧಿ ತಾನಾಗಿಯೇ ಮಸೆಯಲ್ಪಡುತ್ತದೆ. ಗಡಿಯ ಮಗುವಿಗೆ ಈ ಸಾಣೆಕಲ್ಲು ಮನೆಯ ಹೊಸ್ತಿಲಲ್ಲಿಯೇ ಇದೆ. ಅದನ್ನು ಹೊರೆಯೆಂದು ತಿಳಿಯಬಾರದು.

ನಾಲ್ಕನೆಯದು, ಮರಳಿ ವಿದ್ಯಾರ್ಥಿಯಾಗುವ ಧೈರ್ಯ. ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ಜನರಿಂದ ಪೂಜಿತರಾಗಿದ್ದವರು. ಅಂಥವರು ಅಲ್ಲಮಪ್ರಭುಗಳ ಮಾತು ಕೇಳಿ ಕಲ್ಯಾಣಕ್ಕೆ ಹೋಗಿ, ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ಉಪದೇಶ ಪಡೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಆ ಶರಣರ ಚರಿತ್ರೆಯನ್ನು ಬರೆದ ತಾಯಿಯವರೂ ಗೃಹಿಣಿಯಾದ ಮೇಲೆ ಅಕ್ಷರಮಾಲೆಯಿಂದ ಆರಂಭಿಸಿದವರು. ದೊಡ್ಡವರಾದ ಮೇಲೆ ಮಗುವಿನಂತೆ ಅ, ಆ ತಿದ್ದುವುದಕ್ಕೆ ಬುದ್ಧಿಗಿಂತ ವಿನಯ ಹೆಚ್ಚು ಬೇಕು. ವಯಸ್ಸಾದ ಮೇಲೂ ಹೊಸದನ್ನು ಕಲಿತರೆ ಮಿದುಳಿನಲ್ಲಿ ಹೊಸ ಸಂಪರ್ಕಗಳು ಬೆಳೆಯುತ್ತವೆಂದು ಇಂದಿನ ವಿಜ್ಞಾನ ಒಪ್ಪಿದೆ.

ಈ ನಾಲ್ಕನ್ನು ಪರರಿಗೆ ಹೇಳಿ ಸುಮ್ಮನಿರುವ ಹಕ್ಕು ನನಗಿಲ್ಲ. ಮೂರು ವರ್ಷಗಳ ಹಿಂದೆ ನನ್ನ ಮನೆಯವರು ತೀರಿಕೊಂಡರು. ಮಾತನಾಡುವವರಿಲ್ಲದ ಮನೆಯಲ್ಲಿ ನನ್ನ ನೆನಪು ಮಸುಕಾಗತೊಡಗಿತು. ಹಳೆಯ ವಿದ್ಯಾರ್ಥಿಗಳು ಎದುರು ಬಂದು ನಮಸ್ಕರಿಸಿದರೆ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಅಂದಿನಿಂದ ಒಂದು ಕ್ರಮವಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಒಂದು ವಚನ ಓದಿ, ಪುಸ್ತಕ ಮುಚ್ಚಿ, ವಹಿಯಲ್ಲಿ ನೆನಪಿನಿಂದ ಬರೆಯುತ್ತೇನೆ. ತಪ್ಪಿದ್ದನ್ನು ಕೆಂಪು ಶಾಯಿಯಿಂದ ನಾನೇ ತಿದ್ದಿಕೊಳ್ಳುತ್ತೇನೆ. ಮಧ್ಯಾಹ್ನ ಅದನ್ನು ಮರಾಠಿಗೆ ತರಲು ಯತ್ನಿಸುತ್ತೇನೆ. ಸಂಜೆ ತಿರುಗಾಡುವಾಗ ಹಿಂದಿನ ವಾರದ ವಚನಗಳನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತೇನೆ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುತ್ತೇನೆ, ಏಕೆಂದರೆ ಕಲಿತದ್ದು ಗಟ್ಟಿಯಾಗುವುದು ನಿದ್ರೆಯಲ್ಲಿಯೇ. ಮೊದಲ ತಿಂಗಳು ಪುಟವೆಲ್ಲ ಕೆಂಪಾಗುತ್ತಿತ್ತು. ಈಗ ಕೆಂಪು ಕಡಿಮೆಯಾಗಿದೆ. ಹೆಸರುಗಳು ಎಲ್ಲವೂ ಮರಳಿ ಬಂದಿಲ್ಲ. ಆದರೆ ದಿನಕ್ಕೊಂದು ಕೆಲಸವಿದೆಯೆಂಬ ಸಮಾಧಾನ ಬಂದಿದೆ.

ಆ ಹುಡುಗನ ವಿಷಯವನ್ನು ಹೇಳಿ ಮುಗಿಸುತ್ತೇನೆ. ನಾನು ಮುಖ್ಯಾಧ್ಯಾಪಕನಾಗಿದ್ದಾಗ, ಒಂದು ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ, ನಂದಿಕೋಲುಗಳು ಹಾದುಹೋಗುವುದನ್ನು ನೋಡುತ್ತ ನಿಂತಿದ್ದೆ. ಒಬ್ಬರು ಬಂದು ಕಾಲಿಗೆರಗಿದರು. ಗುರುತು ಹತ್ತಲಿಲ್ಲ. ಹೆಸರು ಹೇಳಿದ ಮೇಲೆ ನನ್ನ ನಾಲಗೆ ಒಣಗಿತು. ನಾನು ಹಳೆಯ ಮಾತನ್ನೆತ್ತಿ ಕ್ಷಮೆ ಕೇಳಲು ತೊಡಗಿದೆ. ಅವರು ನಡುವೆಯೇ ತಡೆದು, ತಮ್ಮ ಮಗಳನ್ನು ಐದನೆಯ ಇಯತ್ತೆಗೆ ನಮ್ಮ ಶಾಲೆಗೆ ಸೇರಿಸಬೇಕೆಂದಿದೆ, ಜಾಗವಿದೆಯೇ ಎಂದು ಕೇಳಿದರು. ಇದೆಯೆಂದೆ. ಮಗಳು ಮರಾಠಿ ಶಾಲೆಯಲ್ಲಿ ಓದುತ್ತಿರುವಳೆಂದೂ ಹೇಳಿದರು. ನಡೆಯುತ್ತದೆಯೆಂದೆ.

ಆ ವರ್ಷ ಜೂನ್ ತಿಂಗಳಿನಿಂದ ಪ್ರತಿದಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಆ ಹುಡುಗಿಯೊಂದಿಗೆ ಕುಳಿತೆ. ದಿನಕ್ಕೆ ಮೂರು ಒತ್ತಕ್ಷರ, ಅದಕ್ಕಿಂತ ಹೆಚ್ಚಿಲ್ಲ. ದೀಪಾವಳಿಯ ರಜೆಗೆ ಮುನ್ನ ಅವಳು ತರಗತಿಯ ಮುಂದೆ ನಿಂತು ಒಂದು ಪುಟವನ್ನು ಓದಿದಳು. ಎರಡು ಕಡೆ ತಡವರಿಸಿದಳು. ಯಾರೂ ನಗಲಿಲ್ಲ.

ಅವಳ ತಂದೆ ಬಿಟ್ಟುಹೋದ ವರ್ಷಗಳನ್ನು ಮರಳಿ ಕೊಡುವ ಶಕ್ತಿ ನನಗಿಲ್ಲ. ಈ ಶಾಲೆಯ ಇಂದಿನ ಗುರುಗಳಲ್ಲಿ ನನ್ನದೊಂದು ಪ್ರಾರ್ಥನೆ. ಮಗುವಿನ ತಲೆಗೆ ಹತ್ತುವುದಿಲ್ಲವೆಂಬ ಮಾತನ್ನು ಯಾರೂ ಆಡಬೇಡಿರಿ. ವಿದ್ಯಾರ್ಥಿಗಳೇ, ಯಾರಾದರೂ ಆಡಿದರೆ ನಂಬಬೇಡಿರಿ. ಇಂದು ರಾತ್ರಿ ಮಲಗುವ ಮುನ್ನ, ಇಂದು ಕಲಿತದ್ದರಲ್ಲಿ ಮೂರು ಸಾಲುಗಳನ್ನು ಪುಸ್ತಕ ಮುಚ್ಚಿ ಬರೆದು ನೋಡಿರಿ. ನಾಳೆಯೂ ಬರೆಯಿರಿ. ನಮ್ಮ ಶಾಲೆ ಶತಮಾನೋತ್ಸವ ಆಚರಿಸುವ ದಿನ ನಾನಿರುವುದಿಲ್ಲ. ಆ ಸಂಚಿಕೆಗೆ ಬರೆಯುವವರು ನಿಮ್ಮಲ್ಲಿಯೇ ಯಾರೋ ಒಬ್ಬರಾಗಿರಲಿ ಎಂದು ಹಾರೈಸುತ್ತೇನೆ.