ಸರತಿಯ ಗಣಿತಜ್ಞ ಎರ್ಲಾಂಗ್

ಡೆನ್ಮಾರ್ಕ್ ದೇಶದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ 1878ನೆಯ ಜನವರಿ 1ರಂದು ಅಗ್ನರ್ ಕ್ರರುಪ್ ಎರ್ಲಾಂಗ್ ಜನಿಸಿದರು. ತಂದೆ ಶಾಲೆಯ ಉಪಾಧ್ಯಾಯರು. ಸಂಜೆಯ ಹೊತ್ತು ಅಣ್ಣನು ಪುಸ್ತಕ ಹಿಡಿದು ಓದುತ್ತಿದ್ದರೆ, ಮೇಜಿನ ಎದುರು ಬದಿಯಲ್ಲಿ ಕುಳಿತ ಬಾಲಕ ಅಗ್ನರ್ ಅದೇ ಪುಟವನ್ನು ತಲೆಕೆಳಗಾಗಿಯೇ ಓದುತ್ತಿದ್ದನು. 1901ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಪದವಿ ಪಡೆದ ಎರ್ಲಾಂಗರು ಕೆಲವು ವರ್ಷ ಶಾಲೆಗಳಲ್ಲಿ ಪಾಠ ಹೇಳಿದರು.

1908ರಲ್ಲಿ ಅವರು ಕೋಪನ್‌ಹೇಗನ್ ದೂರವಾಣಿ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ಮುಂದೆ ಕಠಿಣವಾದ ಸಮಸ್ಯೆಯೊಂದಿತ್ತು. ತಂತಿಗಳು ಕಡಿಮೆಯಾದರೆ ಕರೆ ಮಾಡಿದವರಿಗೆ ಸಂಪರ್ಕ ದೊರೆಯದು. ಹೆಚ್ಚಾದರೆ ಹಣ ವ್ಯರ್ಥ. ಹಾಗಾದರೆ ಎಷ್ಟು ತಂತಿಗಳು ಸಾಕು? ಯಾರು ಯಾವ ಗಳಿಗೆಯಲ್ಲಿ ಕರೆ ಮಾಡುವರೆಂದು ಹೇಳಲಾಗದು. ಆದರೂ ಅನೇಕ ಕರೆಗಳನ್ನು ಒಟ್ಟಾಗಿ ನೋಡಿದಾಗ ಅವು ಸಂಭವನೀಯತೆಯ ನಿಯಮವೊಂದಕ್ಕೆ ಒಳಪಡುತ್ತವೆಂದು ಎರ್ಲಾಂಗರು 1909ರಲ್ಲಿ ತೋರಿಸಿಕೊಟ್ಟರು. ಎಷ್ಟು ಕರೆಗಳು ವಿಫಲವಾಗುವುವು, ಸರತಿಯಲ್ಲಿರುವ ಕರೆ ಎಷ್ಟು ಹೊತ್ತು ಕಾಯಬೇಕಾಗುವುದು ಎಂಬುದನ್ನು ಮೊದಲೇ ಲೆಕ್ಕಹಾಕುವ ಸೂತ್ರಗಳನ್ನು 1917ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ಅಂಚೆ ಇಲಾಖೆಯೂ ಅವರ ಸೂತ್ರವನ್ನು ಅಂಗೀಕರಿಸಿತು.

ಎರ್ಲಾಂಗರು ಕೇವಲ ಕೋಣೆಯಲ್ಲಿ ಕುಳಿತು ಲೆಕ್ಕ ಮಾಡಿದವರಲ್ಲ. ಏಣಿ ಹೊತ್ತ ಕೆಲಸಗಾರನೊಡನೆ ನಗರದ ಬೀದಿಗಳಲ್ಲಿ ನಡೆದು, ನೆಲದಡಿಯ ಕೇಬಲ್ ಗುಂಡಿಗಳಿಗೆ ಇಳಿದು ವಿದ್ಯುತ್ಪ್ರವಾಹವನ್ನು ಅಳೆಯುತ್ತಿದ್ದರು. ಅವಿವಾಹಿತರಾಗಿಯೇ ಉಳಿದ ಅವರು ತಮ್ಮನ್ನು ಅರಸಿಬಂದ ಬಡವರಿಗೆ ಸದ್ದಿಲ್ಲದೆ ನೆರವಾಗುತ್ತಿದ್ದರು. 1929ರ ಫೆಬ್ರುವರಿ 3ರಂದು, 51ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಎರ್ಲಾಂಗರ ಕಾಲದಲ್ಲಿ ಇಂದಿನ ಗಣಕಯಂತ್ರಗಳಿರಲಿಲ್ಲ. ಆದರೆ ಅವರು ಬಿಡಿಸಿದ ಸಮಸ್ಯೆ ಇಂದು ಪ್ರತಿಯೊಂದು ಗಣಕದೊಳಗೂ ಇದೆ. ಜಾಲದ ಮೂಲಕ ಬರುವ ಸಂದೇಶವು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಬರುತ್ತದೆ. ಗಣಕದ ಕಾರ್ಯಾಚರಣ ವ್ಯವಸ್ಥೆಯು ಅವುಗಳನ್ನು ಸ್ಮೃತಿಯಲ್ಲಿರಿಸಿ, ಒಂದರ ಹಿಂದೆ ಒಂದರಂತೆ ಸರತಿಯಲ್ಲಿ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಮೊದಲು ಬಂದುದಕ್ಕೆ ಮೊದಲ ಸ್ಥಾನ. ಸರತಿಗೆ ಮಿತಿಯುಂಟು. ಅದು ತುಂಬಿದರೆ ಹೊಸ ಪ್ಯಾಕೆಟ್ ನಷ್ಟವಾಗುತ್ತದೆ. ಮಿತಿಯನ್ನು ಅತಿಯಾಗಿ ಹೆಚ್ಚಿಸಿದರೆ ಕಾಯುವ ಕಾಲ ಬೆಳೆಯುತ್ತದೆ. ದೂರವಾಣಿಯ ತಂತಿಗಳ ಮುಂದೆ ಎರ್ಲಾಂಗರು ಕಂಡ ಇಕ್ಕಟ್ಟೂ ಇಂಥದೇ. 1960ರ ದಶಕದಲ್ಲಿ ಗಣಕಜಾಲಗಳನ್ನು ಕುರಿತು ಚಿಂತಿಸಿದ ವಿದ್ವಾಂಸರು, ಅವರ ಶೋಧನೆಯಿಂದ ಬೆಳೆದ ಸರತಿ ಸಿದ್ಧಾಂತವನ್ನೇ ಆಧಾರವಾಗಿಟ್ಟುಕೊಂಡರು.

ದೂರವಾಣಿಯ ಸಂಚಾರವನ್ನು ಅಳೆಯುವ ಮಾನಕ್ಕೆ 1946ರಲ್ಲಿ ಎರ್ಲಾಂಗ್ ಎಂದು ಹೆಸರಿಡಲಾಯಿತು. ಒಂದು ತಂತಿಯು ಒಂದು ಗಂಟೆಯುದ್ದಕ್ಕೂ ಬಿಡುವಿಲ್ಲದೆ ದುಡಿದರೆ ಅದು ಒಂದು ಎರ್ಲಾಂಗ್. ಮಿತಭಾಷಿಯಾದ ಆ ಗಣಿತಜ್ಞರ ಹೆಸರು ಹೀಗೆ ಜಗತ್ತಿನ ಮಾತುಕತೆಯ ಅಳತೆಗೋಲಾಗಿ ಉಳಿದಿದೆ.