ವ್ಯಕ್ತಿ ಪರಿಚಯ: ದಾದಾಸಾಹೇಬ್ ಫಾಲ್ಕೆ (1870–1944) ಹಾಗೂ ಹಳೆಯ ಚಲನಚಿತ್ರ ಸುರುಳಿಗಳ ಸಂರಕ್ಷಣೆ

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಭಾಗದ ನಾಗರಿಕರ ಮಾಹಿತಿಗಾಗಿ ಭಾರತೀಯ ಚಲನಚಿತ್ರರಂಗದ ಪಿತಾಮಹರೆಂದು ಗೌರವಿಸಲ್ಪಡುವ ದಾದಾಸಾಹೇಬ್ ಫಾಲ್ಕೆಯವರ ಸಂಕ್ಷಿಪ್ತ ಜೀವನಚರಿತ್ರೆಯನ್ನು ಇಲ್ಲಿ ನೀಡಲಾಗಿದೆ. ಮನೆಯಲ್ಲಾಗಲಿ ಸಂಸ್ಥೆಯಲ್ಲಾಗಲಿ ಹಳೆಯ ರೀಲುಗಳನ್ನು ಹೊಂದಿರುವವರಿಗೆ ಉಪಯುಕ್ತವಾದ ಸೂಚನೆಗಳನ್ನು ಕೊನೆಯಲ್ಲಿ ಕೊಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಧುಂಡಿರಾಜ್ ಗೋವಿಂದ ಫಾಲ್ಕೆಯವರು 1870ರ ಏಪ್ರಿಲ್ 30ರಂದು ನಾಸಿಕ್ ಸಮೀಪದ ತ್ರ್ಯಂಬಕದಲ್ಲಿ ಜನಿಸಿದರು. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅನಂತರ ಬರೋಡಾದ ಕಲಾಭವನದಲ್ಲಿ ಚಿತ್ರಕಲೆ ಹಾಗೂ ಛಾಯಾಗ್ರಹಣದಲ್ಲಿ ಪರಿಣತಿ ಪಡೆದರು. ಛಾಯಾಗ್ರಾಹಕರಾಗಿ, ಪುರಾತತ್ತ್ವ ಇಲಾಖೆಯ ನೌಕರರಾಗಿ ಮತ್ತು ಮುದ್ರಣಾಲಯದ ಒಡೆಯರಾಗಿ ಹಲವು ವೃತ್ತಿಗಳನ್ನು ಕೈಗೊಂಡರು. ಮುದ್ರಣೋದ್ಯಮದಿಂದ ಹೊರಬಂದಾಗ ಅವರ ವಯಸ್ಸು ನಲವತ್ತರ ಆಸುಪಾಸಿನಲ್ಲಿತ್ತು.

ಚಲನಚಿತ್ರದತ್ತ ಒಲವು

1911ರ ಸುಮಾರಿಗೆ ಮುಂಬಯಿಯಲ್ಲಿ ಏಸುಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವೊಂದನ್ನು ವೀಕ್ಷಿಸಿದ ಫಾಲ್ಕೆಯವರಿಗೆ ಭಾರತೀಯ ಪುರಾಣಕಥೆಗಳನ್ನೂ ತೆರೆಯ ಮೇಲೆ ತರಬೇಕೆಂಬ ಸಂಕಲ್ಪ ಮೂಡಿತು. ಹಗಲಿರುಳು ನಡೆಸಿದ ಪ್ರಯೋಗಗಳ ಆಯಾಸದಿಂದ ಕೆಲಕಾಲ ಅವರ ದೃಷ್ಟಿ ಕುಂದಿತ್ತು. ಚಿಕಿತ್ಸೆಯಿಂದ ಚೇತರಿಸಿಕೊಂಡ ಬಳಿಕ ಜೀವವಿಮಾ ಪಾಲಿಸಿಗಳನ್ನು ಒತ್ತೆಯಿಟ್ಟು ಹಣ ಹೊಂದಿಸಿಕೊಂಡು, 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ತೆರಳಿದರು. ಅಲ್ಲಿ ವಿಲಿಯಮ್ಸನ್ ಕ್ಯಾಮೆರಾ ಮತ್ತು ಫಿಲ್ಮಿಗೆ ರಂಧ್ರ ಹಾಕುವ ಯಂತ್ರಕ್ಕೆ ವ್ಯವಸ್ಥೆ ಮಾಡಿ ಸ್ವದೇಶಕ್ಕೆ ಮರಳಿದರು.

ಬಂಡವಾಳ ಹೂಡುವವರ ನಂಬಿಕೆ ಗಳಿಸಲು ಅವರು ಅನುಸರಿಸಿದ ಮಾರ್ಗ ಅತ್ಯಂತ ಅಗ್ಗದ್ದಾಗಿತ್ತು. ಕುಂಡದಲ್ಲಿ ಬಟಾಣಿ ಬೀಜ ಬಿತ್ತಿ, ಅದು ಮೊಳೆತು ಗಿಡವಾಗುವುದನ್ನು ದಿನವೂ ಒಂದೊಂದೇ ಚೌಕಟ್ಟಿನಂತೆ ಸೆರೆಹಿಡಿದು ಕಿರುಚಿತ್ರವೊಂದನ್ನು ಸಿದ್ಧಪಡಿಸಿದರು.

ಮನೆಯೇ ಕಾರ್ಯಾಗಾರ

ಆ ಕಾಲದಲ್ಲಿ ಕಚ್ಚಾ ಫಿಲ್ಮು ಅಂಚಿನ ರಂಧ್ರಗಳಿಲ್ಲದೆ ದೊರೆಯುತ್ತಿತ್ತು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿದ್ದು, ಪ್ರತಿ ಚೌಕಟ್ಟಿಗೆ ಎರಡೂ ಬದಿಗಳಲ್ಲಿ ನಾಲ್ಕು ನಾಲ್ಕು ರಂಧ್ರಗಳಿರುತ್ತವೆ. ಎಂದರೆ ಅಡಿಯೊಂದಕ್ಕೆ ಒಂದು ಅಂಚಿನಲ್ಲಿಯೇ 64 ರಂಧ್ರಗಳು. ಈ ಕಾರ್ಯವನ್ನು ಕತ್ತಲೆಯಲ್ಲಿ ನೆರವೇರಿಸಬೇಕಾಗಿತ್ತು. ರಂಧ್ರಗಳು ತಪ್ಪಿದಲ್ಲಿ ಚಿತ್ರ ತೆರೆಯ ಮೇಲೆ ಅಲುಗುತ್ತಿತ್ತು.

ಈ ಹೊಣೆಯನ್ನು ಹೊತ್ತವರು ಫಾಲ್ಕೆಯವರ ಪತ್ನಿ ಶ್ರೀಮತಿ ಸರಸ್ವತಿಬಾಯಿಯವರು. ಹಗಲಿನಲ್ಲಿ ಚಿತ್ರತಂಡದ ಎಲ್ಲರಿಗೂ ಅಡುಗೆ ಸಿದ್ಧಪಡಿಸುತ್ತಿದ್ದ ಅವರು, ಫಿಲ್ಮಿಗೆ ರಂಧ್ರ ಹಾಕುವುದು, ರಾಸಾಯನಿಕಗಳನ್ನು ಬೆರೆಸುವುದು ಮತ್ತು ಫಿಲ್ಮನ್ನು ಸಂಸ್ಕರಿಸುವುದನ್ನು ಸಹ ಕಲಿತು ನಿರ್ವಹಿಸಿದರು. ಚಿತ್ರಕ್ಕಾಗಿ ಅವರ ಒಡವೆಗಳೂ ಒತ್ತೆಬಿದ್ದವು. ಹೀಗೆ ಸಿದ್ಧವಾದ ಸುಮಾರು 3,700 ಅಡಿ ಉದ್ದದ, ನಾಲ್ಕು ರೀಲುಗಳ ರಾಜಾ ಹರಿಶ್ಚಂದ್ರ ಚಿತ್ರವು 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು.

ನಂತರದ ಸಾಧನೆ ಮತ್ತು ಕೊನೆಯ ದಿನಗಳು

1917ರ ಲಂಕಾದಹನ ಹಾಗೂ 1919ರ ಕಾಲಿಯಾ ಮರ್ದನ ಅವರಿಗೆ ಅಪಾರ ಜನಮನ್ನಣೆ ತಂದವು. ಚಲನಚಿತ್ರ ತಯಾರಾಗುವ ಬಗೆಯನ್ನು ತೋರಿಸುವ ಕಿರುಚಿತ್ರವನ್ನೂ ಅವರು ನಿರ್ಮಿಸಿದರು. ವಾಕ್ಚಿತ್ರಗಳ ಆಗಮನದೊಂದಿಗೆ ಅವರ ಪ್ರಭಾವ ತಗ್ಗಿತು. 1937ರಲ್ಲಿ ಕೊಲ್ಹಾಪುರದಲ್ಲಿ ತಯಾರಾದ ಗಂಗಾವತರಣ ಅವರ ಕೊನೆಯ ಚಿತ್ರ. 1944ರ ಫೆಬ್ರವರಿ 16ರಂದು ನಾಸಿಕ್‌ನಲ್ಲಿ ನಿಧನರಾದರು. ಅವರ ಸ್ಮರಣಾರ್ಥ ಭಾರತ ಸರ್ಕಾರವು 1969ರಲ್ಲಿ ಸ್ಥಾಪಿಸಿದ ಪ್ರಶಸ್ತಿಯು ಕನ್ನಡದ ವರನಟ ಡಾ. ರಾಜಕುಮಾರ್ ಅವರಿಗೆ 1995ನೇ ಸಾಲಿಗೆ ಸಂದಿತು.

ಉಳಿದುದು, ಅಳಿದುದು

ರಾಜಾ ಹರಿಶ್ಚಂದ್ರದ ನಾಲ್ಕು ರೀಲುಗಳ ಪೈಕಿ ಮೊದಲನೆಯ ಮತ್ತು ಕೊನೆಯ ರೀಲುಗಳೆಂದು ಪರಿಗಣಿಸಲಾದ ಭಾಗಗಳು ಮಾತ್ರ ಪುಣೆಯ ರಾಷ್ಟ್ರೀಯ ಚಲನಚಿತ್ರ ಅಭಿಲೇಖಾಲಯದಲ್ಲಿವೆ. ಅವು 1917ರ ಮರುನಿರ್ಮಾಣದ ಭಾಗಗಳೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಫಾಲ್ಕೆಯವರ ಕೆಲವು ಸುರುಳಿಗಳು ಅವರ ಕುಟುಂಬದವರ ಬಳಿಯೇ ಉಳಿದಿದ್ದು ಅಭಿಲೇಖಾಲಯಕ್ಕೆ ದೊರೆತವು. ಆದರೆ ಅದೇ ಕೊಲ್ಹಾಪುರದಲ್ಲಿ ಚಿತ್ರೀಕರಣಗೊಂಡು 1934ರಲ್ಲಿ ತೆರೆಕಂಡ ಕನ್ನಡದ ಪ್ರಥಮ ವಾಕ್ಚಿತ್ರ ಸತಿ ಸುಲೋಚನಾದ ಪ್ರತಿ ಉಳಿದಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಒಂದು ಡಬ್ಬಿಯೂ ನಾಡಿನ ಚರಿತ್ರೆಯ ಭಾಗವಾಗಿರಬಹುದೆಂಬುದನ್ನು ಇದರಿಂದ ಮನಗಾಣಬಹುದು.

ಸಾರ್ವಜನಿಕರಿಗೆ ಸೂಚನೆಗಳು

1. ಬೇಸಿಗೆಯಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವ ನಮ್ಮ ಭಾಗದಲ್ಲಿ ರೀಲುಗಳನ್ನು ತಗಡಿನ ಮಾಡಿನ ಕೆಳಗೆ ಅಥವಾ ಅಟ್ಟದ ಮೇಲೆ ಇಡಬಾರದು. ಮನೆಯ ತಂಪಾದ, ತೇವವಿಲ್ಲದ ಕೋಣೆಯಲ್ಲಿ ಇಡತಕ್ಕದ್ದು.

2. ಹಳೆಯ ಫಿಲ್ಮು ಕುಗ್ಗಿರುವುದರಿಂದ ಅದನ್ನು ಪ್ರೊಜೆಕ್ಟರಿನಲ್ಲಿ ಓಡಿಸಬಾರದು. ಸುತ್ತಲು ದುಬಾರಿ ಯಂತ್ರದ ಅಗತ್ಯವಿಲ್ಲ. ಮರದ ಹಲಗೆಯ ಮೇಲೆ ಎರಡು ನುಣುಪಾದ ಗೂಟಗಳನ್ನು ನೆಟ್ಟಗೆ ನಿಲ್ಲಿಸಿ, ಒಂದಕ್ಕೆ ತುಂಬಿದ ರೀಲನ್ನೂ ಇನ್ನೊಂದಕ್ಕೆ ಖಾಲಿ ರೀಲನ್ನೂ ತೊಡಿಸಿ, ಕೈಯಿಂದ ನಿಧಾನವಾಗಿ ತಿರುಗಿಸಬಹುದು.

3. ಶುಭ್ರವಾದ ಹತ್ತಿಯ ಕೈಗವಸು ಧರಿಸಿ ಅಂಚುಗಳನ್ನು ಮಾತ್ರ ಹಿಡಿಯಬೇಕು. ಸಡಿಲವಾದ ಸುರುಳಿಯ ತುದಿಯನ್ನು ಎಳೆದು ಬಿಗಿಗೊಳಿಸಿದಲ್ಲಿ ಪದರಗಳು ಒಂದಕ್ಕೊಂದು ಉಜ್ಜಿ ಗೀರು ಬೀಳುತ್ತವೆ. ಅಂಟಿಕೊಂಡಿರುವ ಪದರಗಳನ್ನು ಬಲವಂತವಾಗಿ ಬಿಡಿಸಬಾರದು.

4. ವಿನೆಗರ್‌ನಂತಹ ಹುಳಿ ವಾಸನೆಯು ಅಸಿಟೇಟ್ ಫಿಲ್ಮು ಕೆಡುತ್ತಿರುವುದರ ಲಕ್ಷಣವಾಗಿದ್ದು, ಅಂತಹ ರೀಲನ್ನು ಇತರ ರೀಲುಗಳಿಂದ ಬೇರ್ಪಡಿಸಿ ಇಡಬೇಕು.

5. 1950ರ ದಶಕದ ಆರಂಭಕ್ಕೂ ಹಿಂದಿನ 35 ಮಿ.ಮೀ. ರೀಲುಗಳು ಶೀಘ್ರವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಾಗಿರುವ ಸಾಧ್ಯತೆ ಇದೆ. ಅವುಗಳನ್ನು ಮನೆಯಲ್ಲಿ ಸುತ್ತಬಾರದು, ಬೆಂಕಿಯ ಬಳಿ ಒಯ್ಯಬಾರದು ಮತ್ತು ಸಾಮಾನ್ಯ ಅಂಚೆಯಲ್ಲಿ ಕಳುಹಿಸಬಾರದು.

6. ಡಬ್ಬಿಯ ಮೇಲಿನ ಬರಹವನ್ನು ಅಳಿಸದೆ, ಫಿಲ್ಮಿನ ಅಗಲ, ರೀಲುಗಳ ಸಂಖ್ಯೆ ಮತ್ತು ದೊರೆತ ಸ್ಥಳವನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, 1964ರಲ್ಲಿ ಸ್ಥಾಪನೆಯಾಗಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡ ಪುಣೆಯ ಮೇಲ್ಕಂಡ ಅಭಿಲೇಖಾಲಯಕ್ಕೆ ಲಿಖಿತವಾಗಿ ತಿಳಿಸಬಹುದಾಗಿದೆ.

ಹಳೆಯ ರೀಲುಗಳನ್ನು ಗುಜರಿಗೆ ಹಾಕುವ ಮುನ್ನ ಮೇಲ್ಕಂಡ ಅಂಶಗಳನ್ನು ಗಮನಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.